ಊರಿನ ಕೆಲಸಕ್ಕೆ ದುಡ್ಡು: ಅನುದಾನವೋ, ಸಿಎಸ್‌ಆರೋ, ದಾನಿಗಳೋ?

ಸರ್ಕಾರಿ ಶಾಲೆಯ ಮಕ್ಕಳಿಂದ ಊರಿನ ಸೋಬಾನೆ ಪದ ಸಂಗ್ರಹಿಸಲು ಹಣ ಎಲ್ಲಿ ಕೇಳಲಿ ಎಂದಿದ್ದೀರಿ. ಒಳ್ಳೆಯ ಕೆಲಸ, ಬಿಡಬೇಡಿ.

ಮೊದಲು ಅರ್ಹತೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನ ‘ಕಲಿ-ಕಲಿಸು’ ಅನುದಾನ ಸರ್ಕಾರಿ ಶಾಲೆಯ ಶಿಕ್ಷಕರಿಗೂ ಸಿಗುತ್ತದೆ. ಅರ್ಜಿ ಕನ್ನಡದಲ್ಲೇ ಬರೆಯಬಹುದು. ಸಿಎಸ್‌ಆರ್ ಹಣಕ್ಕೆ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡುವ ಹಣಕ್ಕೆ, ಸಾಮಾನ್ಯವಾಗಿ ನೋಂದಾಯಿತ ಟ್ರಸ್ಟ್ ಅಥವಾ ಸೊಸೈಟಿ, ಅದಕ್ಕೆ 12ಎ (ಸಂಸ್ಥೆಗೆ ಆದಾಯ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ), ಸಿಎಸ್‌ಆರ್-1 (ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಣಿ), ಜೊತೆಗೆ 3 ವರ್ಷದ ಅನುಭವ ಬೇಕು. ಒಂದೇ ಶಾಲೆಯ ಕೆಲಸಕ್ಕೆ ಇಷ್ಟು ಕಾಗದಪತ್ರ ಜಾಸ್ತಿ ಆಯ್ತು, ಅಲ್ವಾ?

ಹತ್ತಾರು ಶಾಲೆಗಳಿಗೆ ಹಬ್ಬಿಸುವುದಾದರೆ ಮಾತ್ರ ಸಿಎಸ್‌ಆರೇ ಸರಿ. ಕಂಪನಿಗಳು ತಮ್ಮ ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಹತ್ತಿರದ ಕಾರ್ಖಾನೆಯನ್ನೇ ಮೊದಲು ಕೇಳಿ.

ಒಂದು ರೆಕಾರ್ಡರ್, ಮೈಕ್ ಸಾಕೇ? ಆಗ ಯಾವ ಅರ್ಜಿಗೂ ಕಾಯಬೇಡಿ. ಹಳೆಯ ವಿದ್ಯಾರ್ಥಿಗಳನ್ನು ಕೇಳಿ, ಕೊಟ್ಟವರಿಗೆಲ್ಲ ಲೆಕ್ಕ ತೋರಿಸಿ.