ನೈಲಾನ್ ಗಿಟಾರಿಗೆ ಉಕ್ಕಿನ ತಂತಿ: ಕೊಳ್ಳುವ ಮೊದಲು ಇದನ್ನೊಮ್ಮೆ ಓದಿ

ಗಿಟಾರ್ ಕಲಿಯುವ ಆಸೆಯಿಂದ ಮೊದಲ ವಾದ್ಯ ಕೊಳ್ಳಲು ಹೊರಟವರು, ಅದರಲ್ಲೂ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯದಂಥ ನಮ್ಮ ಊರುಗಳಿಂದ ಪೇಟೆಗೆ ಹೋಗಿ ಸಿಕ್ಕಿದ ಅಂಗಡಿಯವರ ಮಾತನ್ನೇ ನಂಬಬೇಕಾದವರು, ನನಗಾದ ನಷ್ಟವನ್ನು ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಹೋದದ್ದು ನಾಲ್ಕೂವರೆ ಸಾವಿರ ರೂಪಾಯಿ ಮತ್ತು ಮೂರೂವರೆ ತಿಂಗಳ ಅಭ್ಯಾಸ. ಹಣಕ್ಕಿಂತ ಎರಡನೆಯದೇ ನನ್ನನ್ನು ಹೆಚ್ಚು ಕಾಡುತ್ತದೆ. ಅಷ್ಟು ದಿನವೂ ದೋಷ ನನ್ನ ಬೆರಳಿನಲ್ಲಿದೆ ಎಂದೇ ನಾನು ತಿಳಿದಿದ್ದೆ.

ನಾನು ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಕ. ಸಂಜೆ ಜಗಲಿಯಲ್ಲಿ ಕುಳಿತು ನಾಲ್ಕು ಭಾವಗೀತೆಗಳನ್ನು ಹಾಡಿಕೊಳ್ಳುವಾಗ ಜೊತೆಗೊಂದು ತಂತಿಯ ನಾದವಿರಲಿ ಎನ್ನುವುದಕ್ಕಿಂತ ದೊಡ್ಡ ಆಸೆ ನನಗಿರಲಿಲ್ಲ. ವಿಷುವಿನ ಹಿಂದಿನ ವಾರ ರಿಯಾಯಿತಿಯ ಫಲಕ ನೋಡಿ ಪೇಟೆಯ ವಾದ್ಯದಂಗಡಿಯೊಂದಕ್ಕೆ ಹೋದೆ. ಗೋಡೆಯ ಮೇಲೆ ಸಾಲಾಗಿ ತೂಗುತ್ತಿದ್ದ ಗಿಟಾರುಗಳಲ್ಲಿ ಒಂದರ ತಲೆಭಾಗದಲ್ಲಿ ಎರಡು ಉದ್ದನೆಯ ಸೀಳುಗಳಿದ್ದು, ಅವುಗಳೊಳಗೆ ಬಿಳಿಯ ಪ್ಲಾಸ್ಟಿಕ್ ಉರುಳೆಗಳಿಗೆ ತಂತಿ ಸುತ್ತಿತ್ತು, ದಂಡಿ ಅಗಲವಾಗಿತ್ತು, ನೋಡಲು ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ತಂತಿಗಳು ಆರೂ ಲೋಹದವು, ಹೊಳೆಯುತ್ತಿದ್ದವು. ನೈಲಾನ್ ತಂತಿಯ ಗಿಟಾರ್ ಎನ್ನುವುದೊಂದು ಇದೆಯಂತಲ್ಲ ಎಂದು ನಾನು ಕೇಳದೆ ಇರಲಿಲ್ಲ. "ಅದೆಲ್ಲ ಮಕ್ಕಳಿಗೆ, ಮಾಷೇ. ನೈಲಾನಿನಲ್ಲಿ ಶಬ್ದವೇ ಬರುವುದಿಲ್ಲ. ಇದಕ್ಕೆ ನಾವೇ ಸ್ಟೀಲ್ ಹಾಕಿ ಕೊಟ್ಟಿದ್ದೇವೆ" ಎಂದು ಅಂಗಡಿಯವರು ಮಲಯಾಳವನ್ನೂ ಕನ್ನಡವನ್ನೂ ಬೆರೆಸಿ ಹೇಳಿದರು. ಆ ಕೊನೆಯ ವಾಕ್ಯವೇ ಎಚ್ಚರಿಕೆಯ ಗಂಟೆಯಾಗಬೇಕಿತ್ತು. ನನಗೆ ಅದು ಉಪಕಾರದಂತೆ ಕೇಳಿಸಿತು.

ಮನೆಗೆ ತಂದ ಎರಡು ವಾರಗಳಲ್ಲಿ ಎಡಗೈಯ ಬೆರಳ ತುದಿಗಳು ಕಪ್ಪಾದವು. ದಂಡಿಯ ಮೇಲ್ಪಟ್ಟಿ ಬೀಟೆ ಮರದ್ದೆಂದು ಹೇಳಿದ್ದರು. ಬೀಟೆ ನಮ್ಮ ಘಟ್ಟದ ಮರ, ಲೋಕದ ಒಳ್ಳೊಳ್ಳೆಯ ಗಿಟಾರುಗಳಿಗೆಲ್ಲ ಹೋಗುವ ಮರ. ಅದರ ಬಣ್ಣ ಬೆವರಿಗೆ ಬಿಡುವುದಿಲ್ಲ. ಇಲ್ಲಿದ್ದದ್ದು ಯಾವುದೋ ಬಿಳಿ ಮರಕ್ಕೆ ಬಳಿದ ಕಪ್ಪು ಬಣ್ಣ. ಇದು ಸಣ್ಣ ಮೋಸ. ನಾನು ಹೇಳಹೊರಟದ್ದು ಇದಕ್ಕಿಂತ ದೊಡ್ಡದು.

ತಂತಿ ಒತ್ತುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತ ಹೋಯಿತು. ಹೊಸಬರ ಬೆರಳು ನೋಯುವುದು ಸಹಜ, ತಿಂಗಳಾದರೆ ತುದಿ ಗಟ್ಟಿಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಮತ್ತು ಅದು ನಿಜವೂ ಹೌದು. ಆದ್ದರಿಂದಲೇ ವಾದ್ಯ ಕೆಡುತ್ತಿರುವುದು ಕಲಿಯುವವನಿಗೆ ಗೊತ್ತಾಗುವುದಿಲ್ಲ. ಬಿಟ್ಟ ತಂತಿಗಳನ್ನು ಮೊಬೈಲಿನ ಟ್ಯೂನರ್ ನೋಡಿ ಸರಿಯಾಗಿ ಶ್ರುತಿ ಮಾಡಿದರೂ ಐದನೆಯ ಫ್ರೆಟ್ಟಿನಲ್ಲಿ (ದಂಡಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಒತ್ತಿದಾಗ ಸ್ವರ ಏರುತ್ತಿತ್ತು, ಹನ್ನೆರಡನೆಯ ಫ್ರೆಟ್ಟಿನಲ್ಲಂತೂ ಕೇಳುವಂತಿರಲಿಲ್ಲ. ನನ್ನ ಕಿವಿಯ ಮೇಲೆ ನನಗೇ ಸಂಶಯ ಬಂತು. ಜೂನ್ ಕೊನೆಯಲ್ಲಿ ಶಾಲೆಯ ಅಳತೆಪಟ್ಟಿ ಹಿಡಿದು ನೋಡಿದರೆ ಹನ್ನೆರಡನೆಯ ಫ್ರೆಟ್ಟಿಗೂ ದಪ್ಪ ತಂತಿಗೂ ನಡುವೆ 7 ಮಿಲಿಮೀಟರ್ ಅಂತರವಿತ್ತು. ಉಕ್ಕಿನ ತಂತಿಯ ಗಿಟಾರಿನಲ್ಲಿ ಅದು ಸುಮಾರು 2ರಿಂದ 2.5, ನೈಲಾನಿನದ್ದರಲ್ಲಿ 3ರಿಂದ 4 ಇದ್ದರೆ ಸರಿ ಎನ್ನುವುದು ಆಗ ನನಗೆ ತಿಳಿದಿರಲಿಲ್ಲ. ತಂತಿಗಳ ಕೆಳತುದಿಯನ್ನು ಹಿಡಿದಿಡುವ ಬ್ರಿಜ್ಜಿನ ಹಿಂದೆ ಮೇಲ್ಹಲಗೆ ಉಬ್ಬಿದ್ದನ್ನು ನೋಡಿಯೂ, ಮಳೆಗಾಲವಲ್ಲವೇ, ಬಾಗಿಲು ಕಿಟಕಿಗಳೂ ಉಬ್ಬುತ್ತವೆ ಎಂದು ಸುಮ್ಮನಾದೆ.

ಆಟಿಯ, ಅಂದರೆ ಜೋರು ಮಳೆಯ ತುಳು ತಿಂಗಳಿನ, ಒಂದು ರಾತ್ರಿ ಚಾವಡಿಯಿಂದ ಹೆಂಚು ಒಡೆದಂಥ ಸದ್ದು ಬಂತು. ಎದ್ದು ದೀಪ ಹಾಕಿ ನೋಡಿದರೆ ಬ್ರಿಜ್ ಕಿತ್ತು ತಂತಿಗಳ ತುದಿಯಲ್ಲಿ ಜೋತಾಡುತ್ತಿತ್ತು. ಅದರ ಅಡಿಗೆ ಮೇಲ್ಹಲಗೆಯ ಪದರವೊಂದು ಅಡಿಕೆ ಸಿಪ್ಪೆಯಂತೆ ನಾರು ನಾರಾಗಿ ಅಂಟಿಕೊಂಡು ಬಂದಿತ್ತು. ಒಳಗಿನ ಮರ ಪ್ಲೈವುಡ್ ಎನ್ನುವುದೂ ಆಗಲೇ ಕಣ್ಣಿಗೆ ಬಿದ್ದದ್ದು.

ಇನ್ನು ನನ್ನದೇ ತಪ್ಪು. ಮರುದಿನ ಹಾರ್ಡ್‌ವೇರ್ ಅಂಗಡಿಯಿಂದ ಎರಡು ಟ್ಯೂಬಿನ ಎಪಾಕ್ಸಿ ಅಂಟು ತಂದು, ಹಳೆಯ ಅಂಟನ್ನು ಕೆರೆಯದೆ, ಮೇಲೆ ಅರೆಯುವ ಕಲ್ಲನ್ನು ಹೇರಿಟ್ಟು ಬ್ರಿಜ್ಜನ್ನು ಕೂರಿಸಿದೆ. ಹನ್ನೆರಡು ದಿನ ನಿಂತಿತು. ಎರಡನೆಯ ಸಲ ಕಿತ್ತಾಗ ಅಂಗೈಯಗಲದ ಮರವನ್ನೇ ಎತ್ತಿಕೊಂಡು ಬಂತು.

ಮಂಗಳೂರಿನಲ್ಲಿ ಓದುತ್ತಿರುವ, ಗಿಟಾರ್ ಬಲ್ಲ ಅಳಿಯ ಆ ಭಾನುವಾರ ಮನೆಗೆ ಬಂದಿದ್ದ. ವಾದ್ಯವನ್ನು ಕೈಗೆತ್ತಿಕೊಂಡವನು ಕಿತ್ತ ಬ್ರಿಜ್ಜನ್ನು ನೋಡಲೇ ಇಲ್ಲ, ತಲೆಭಾಗವನ್ನು ಬೆಳಕಿಗೆ ಹಿಡಿದು, "ಮಾವ, ಇದಕ್ಕೆ ಸ್ಟೀಲ್ ಹಾಕಿದ್ದು ಯಾರು?" ಎಂದು ಕೇಳಿದ. ಬಿಳಿಯ ಪ್ಲಾಸ್ಟಿಕ್ ಉರುಳೆಗಳನ್ನು ತೋರಿಸಿದ. ಅತಿ ತೆಳುವಾದ ತಂತಿ ಸುತ್ತಿದ್ದ ಉರುಳೆಯನ್ನು ಅದು ದಾರದಿಂದ ಸಾಬೂನು ಕೊಯ್ದಂತೆ ಕೊರೆದು ಒಳಗಿಳಿದಿತ್ತು. ಹತ್ತು ಮಿಲಿಮೀಟರಿನಷ್ಟು ದಪ್ಪದ ಆ ಉರುಳೆಗಳು ಇರುವುದೇ ನೈಲಾನಿಗಾಗಿ. ಬ್ರಿಜ್ಜಿನ ತೂತುಗಳ ಹಿಂದೆ ಸಿಕ್ಕಿಕೊಂಡಿದ್ದ ಆರು ಹಿತ್ತಾಳೆ ಗುಂಡುಗಳನ್ನೂ ತೋರಿಸಿದ: ಅವು ಉಕ್ಕಿನ ತಂತಿಯ ತುದಿಗಿರುವ ಗುಂಡುಗಳು. ಆ ಬ್ರಿಜ್ ತಂತಿಯನ್ನು ಗಂಟು ಹಾಕಿ ಕಟ್ಟಲು ಮಾಡಿದ್ದು.

ಎರಡು ವಾರದ ಬಳಿಕ ಅವನೇ ಮಂಗಳೂರಿನಲ್ಲಿ ರಿಪೇರಿ ಮಾಡುವ ಒಬ್ಬರಲ್ಲಿಗೆ ಕರೆದುಕೊಂಡು ಹೋದ. ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಎರಡೂ ಬಗೆಯ ಗಿಟಾರಿನಲ್ಲಿ ತಂತಿಯ ಉದ್ದ ಹೆಚ್ಚುಕಡಿಮೆ 650 ಮಿಲಿಮೀಟರ್, ಶ್ರುತಿಯೂ ಒಂದೇ. ಅತಿ ತೆಳುವಾದ ತಂತಿಯನ್ನೇ ತೆಗೆದುಕೊಂಡರೆ ನೈಲಾನಿನದ್ದು ಸುಮಾರು 0.7 ಮಿಲಿಮೀಟರ್ ದಪ್ಪ, ಉಕ್ಕಿನದ್ದು 0.3. ಕಣ್ಣಿಗೆ ಉಕ್ಕಿನದ್ದೇ ಸಣ್ಣದಾಗಿ ಕಂಡರೂ ಉಕ್ಕಿನ ಸಾಂದ್ರತೆ ನೈಲಾನಿನ ಏಳು ಪಟ್ಟು ಇರುವುದರಿಂದ ತೂಕದಲ್ಲಿ ಅದೇ ಹೆಚ್ಚು. ಭಾರವಾದ ತಂತಿಯನ್ನು ಅದೇ ಉದ್ದದಲ್ಲಿ ಅದೇ ಶ್ರುತಿಗೆ ತರಬೇಕಾದರೆ ಹೆಚ್ಚು ಬಿಗಿಯಬೇಕು. ನೈಲಾನಿನ ಆರು ತಂತಿಗಳು ಒಟ್ಟಾಗಿ ಸುಮಾರು 40 ಕಿಲೋ ಭಾರದಷ್ಟು ಎಳೆಯುತ್ತವೆ, 0.012 ಇಂಚಿನಿಂದ (ಅದೇ 0.3 ಮಿಲಿಮೀಟರ್) ಆರಂಭವಾಗುವ ಉಕ್ಕಿನ ತಂತಿಗಳ ಕಟ್ಟು 70 ಕಿಲೋಗಿಂತಲೂ ಹೆಚ್ಚು. ಅಂದರೆ ಒಂದು ಅಕ್ಕಿಮುಡಿಯ (ಹುಲ್ಲಿನಲ್ಲಿ ಕಟ್ಟಿದ, ಸುಮಾರು 40 ಕಿಲೋ ಅಕ್ಕಿಯ ಮೂಟೆ) ಬಲಕ್ಕೆ ಕಟ್ಟಿದ ಪೆಟ್ಟಿಗೆಯ ಮೇಲೆ ಹಗಲೂ ರಾತ್ರಿಯೂ ಸುಮಾರು ಎರಡು ಮುಡಿಯ ಎಳೆತ.

ಉಕ್ಕಿನ ತಂತಿಯ ಗಿಟಾರನ್ನು ಕಟ್ಟುವ ಕ್ರಮವೇ ಬೇರೆ. ಅದರ ಮೇಲ್ಹಲಗೆಯ ಒಳಗೆ ಗಟ್ಟಿಯಾದ ಎರಡು ಪಟ್ಟಿಗಳು ಕತ್ತರಿಯಂತೆ ಅಡ್ಡಹಾಯ್ದಿರುತ್ತವೆ. ತಂತಿಯ ಗುಂಡು ಬ್ರಿಜ್ಜನ್ನು ದಾಟಿ ಹಲಗೆಯ ಅಡಿಭಾಗಕ್ಕೆ ಸಿಕ್ಕಿಕೊಳ್ಳುತ್ತದೆ. ದಂಡಿಯೊಳಗೆ ಬಾಗುವಿಕೆಯನ್ನು ತಡೆಯುವ ಕಬ್ಬಿಣದ ಸರಳಿರುತ್ತದೆ. 19ನೆಯ ಶತಮಾನದಲ್ಲಿ ಸ್ಪೇನಿನ ಆಂಟೋನಿಯೊ ಡಿ ಟೊರೆಸ್ ನೆಲೆಗೊಳಿಸಿದ ಮಾದರಿಯ ನೈಲಾನ್ ಗಿಟಾರಿನಲ್ಲಿ ತೆಳುವಾದ ಹಲಗೆಗೆ ಬೀಸಣಿಗೆಯ ಕಡ್ಡಿಗಳಂಥ ಸಣ್ಣ ಪಟ್ಟಿಗಳಿರುತ್ತವೆ. ಬ್ರಿಜ್ ನಿಲ್ಲುವುದು ಬರಿಯ ಅಂಟಿನ ಬಲದಿಂದ. ದಂಡಿಯಲ್ಲಿ ಸಾಮಾನ್ಯವಾಗಿ ಸರಳಿರುವುದಿಲ್ಲ. ನನ್ನ ಗಿಟಾರ್ ಅಗ್ಗದ್ದಾದರೂ ತನ್ನ ತಂತಿಯೊಂದಿಗೆ ವರ್ಷಗಟ್ಟಲೆ ಬಾಳುತ್ತಿತ್ತು ಎಂದು ಅವರು ಹೇಳಿದಾಗ ನನಗೆ ನಿಜವಾಗಿಯೂ ಸಂಕಟವಾಯಿತು. ಮೆಲುದನಿಯಲ್ಲಿ ಹಾಡಿಕೊಳ್ಳುವವನಿಗೆ ನೈಲಾನ್ ಗಿಟಾರೇ ತಕ್ಕದ್ದು. ನಾನು ಗೊತ್ತಿಲ್ಲದೆಯೇ ನನಗೆ ಬೇಕಾದ ವಾದ್ಯವನ್ನೇ ಆರಿಸಿದ್ದೆ, ಅಂಗಡಿಯವರು ಅದಕ್ಕೆ ಬೇಡದ ತಂತಿ ಬಿಗಿದು ಕೊಟ್ಟಿದ್ದರು. ಎಪಾಕ್ಸಿ ಹಚ್ಚದೆ ತಂದಿದ್ದರೆ ಸರಿಮಾಡಬಹುದಿತ್ತು, ಈಗ ಮಾಡುವ ಖರ್ಚು ಗಿಟಾರಿನ ಬೆಲೆಗೆ ಸಮವಾಗುತ್ತದೆ ಎಂದೂ ಅವರು ಹೇಳಿದರು.

ಅಂಗಡಿಗಳು ಹೀಗೇಕೆ ಮಾಡುತ್ತವೆ ಎಂಬುದಕ್ಕೆ ಅವರು ಕೊಟ್ಟ ಕಾರಣ ನಂಬುವಂತಿದೆ. ಹೊಸ ನೈಲಾನ್ ತಂತಿ ಒಂದು ವಾರದವರೆಗೂ ಹಿಗ್ಗುತ್ತಲೇ ಇರುತ್ತದೆ, ದಿನಕ್ಕೆ ನಾಲ್ಕು ಸಲ ಶ್ರುತಿ ಮಾಡಬೇಕು. ಗಿರಾಕಿ ಮರುದಿನವೇ ಬಂದು ಶ್ರುತಿ ನಿಲ್ಲುವುದಿಲ್ಲ ಎಂದು ಜಗಳ ಮಾಡುತ್ತಾನೆ. ಉಕ್ಕಿನ ತಂತಿ ಅಂಗಡಿಯಲ್ಲಿ ಗಟ್ಟಿಯಾಗಿ ಕೇಳಿಸುತ್ತದೆ, ಬೇಗ ಶ್ರುತಿಯಲ್ಲಿ ನಿಲ್ಲುತ್ತದೆ, ಕೆಡುಕು ಕಾಣುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ.

ಕೊಳ್ಳುವಾಗ ಜೇಬಿನಲ್ಲೊಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ನೈಲಾನ್ ಕಟ್ಟಿನ ದಪ್ಪ ತಂತಿಗಳು ಮೂರೂ ಲೋಹದಂತೆಯೇ ಹೊಳೆಯುತ್ತವೆ, ಏಕೆಂದರೆ ನೈಲಾನ್ ಎಳೆಗಳ ಮೇಲೆ ಬೆಳ್ಳಿಯ ಲೇಪವಿರುವ ತಾಮ್ರದ ತಂತಿ ಸುತ್ತಿರುತ್ತಾರೆ. ಅವಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ. ಉಕ್ಕಿನ ಕಟ್ಟಿನಲ್ಲಿ ಹೊರಸುತ್ತು ಕಂಚಿನದ್ದಾದರೂ ತಿರುಳು ಉಕ್ಕಾದ್ದರಿಂದ ಹಿಡಿಯುತ್ತದೆ. ತೆಳು ತಂತಿಗಳು ಮೂರೂ ಪ್ಲಾಸ್ಟಿಕ್ ದಾರದಂತಿದ್ದರೆ ಅಯಸ್ಕಾಂತವೂ ಬೇಡ. ತಲೆಭಾಗದಲ್ಲಿ ಸೀಳು ಮತ್ತು ದಪ್ಪ ಪ್ಲಾಸ್ಟಿಕ್ ಉರುಳೆಗಳು, ಸುಮಾರು 52 ಮಿಲಿಮೀಟರ್ ಅಗಲದ ನಟ್ (ತಲೆಭಾಗದ ಬುಡದಲ್ಲಿ ತಂತಿಗಳು ಕೂರುವ ಪಟ್ಟಿ), ನೇರವಾಗಿ ಕೂರಿಸಿದ ಸ್ಯಾಡಲ್ (ಬ್ರಿಜ್ಜಿನಲ್ಲಿ ತಂತಿಗಳು ಕೂರುವ ಪಟ್ಟಿ), ಗಂಟು ಕಟ್ಟುವ ಬ್ರಿಜ್ ಇವೆಲ್ಲ ಇದ್ದ ಗಿಟಾರಿಗೆ ಅಯಸ್ಕಾಂತ ಹಿಡಿಯುವ ತಂತಿ ಬಿಗಿದಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬೇಡವೆನ್ನಿ. ಉಕ್ಕಿನ ಗಿಟಾರಿನಲ್ಲಿ ನಟ್ ಸುಮಾರು 43 ಮಿಲಿಮೀಟರ್, ಸ್ಯಾಡಲ್ ಓರೆ, ಬ್ರಿಜ್ಜಿನ ಮೇಲೆ ಆರು ಮೊಳೆಯಂಥ ಪಿನ್ನುಗಳು. ಯಾವುದೇ ಆಗಲಿ, ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯನ್ನು ಒತ್ತದೆ ಬೆರಳು ಸೋಕಿಸಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಎರಡು ಸ್ವರಗಳೂ ಒಂದೇ ಆಗಿರಬೇಕು. ಕಿವಿ ಸಾಲದಿದ್ದರೆ ಟ್ಯೂನರ್ ಹೇಳುತ್ತದೆ.

ಉಚಿತವಾಗಿ ಕೊಡುವ ಸಾಮಾನುಗಳ ಬಗ್ಗೆ ಒಂದೆರಡು ಮಾತು. ನನಗೆ ಕೊಟ್ಟ ಕೇಪೋದ (ಶ್ರುತಿ ಏರಿಸಲು ದಂಡಿಯ ಮೇಲೆ ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ರಬ್ಬರ್ ಪಟ್ಟಿ ಬಾಗಿದ್ದು. ನೈಲಾನ್ ಗಿಟಾರಿನ ಸಪಾಟಾದ ಅಗಲ ದಂಡಿಯಲ್ಲಿ ಅದು ನಡುವಿನ ತಂತಿಗಳನ್ನು ಒತ್ತುತ್ತಲೇ ಇರಲಿಲ್ಲ. ಕೊಟ್ಟ ಬಟ್ಟೆಚೀಲ ಮಳೆಗಾಲದಲ್ಲಿ ತೇವವನ್ನು ಹಿಡಿದಿಟ್ಟುಕೊಂಡಿತು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಗಿಟಾರಿಗೆ ಹಿತವೆನ್ನುವ 45ರಿಂದ 55 ಶೇಕಡಾ ತೇವಾಂಶ ಆಟಿಯಲ್ಲಿ ಕನಸಿನ ಮಾತು. ಮುರಕಲ್ಲಿನ ಹೊರಗೋಡೆಗೆ ತೂಗಹಾಕದೆ, ಹಾಗೆಂದು ಒಲೆಯ ಮೇಲಿನ ಅಟ್ಟದಲ್ಲೂ ಇಡದೆ, ಒಳಕೋಣೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುವುದೇ ಮೇಲು. ಅಟ್ಟದ ಬಿಸಿಗೆ ಅಂಟು ಮೆತ್ತಗಾಗುತ್ತದೆ.

ಅಂಗಡಿಗೆ ಮರಳಿ ಹೋದಾಗ ಸಿಕ್ಕಿದ ಉತ್ತರ, ನೀವು ಸರಿಯಾಗಿ ಇಟ್ಟುಕೊಳ್ಳಲಿಲ್ಲ ಎಂಬುದು. ನನ್ನ ಕೈಯಲ್ಲಿದ್ದದ್ದು ಬಿಲ್ಲಲ್ಲ, 'ಎಸ್ಟಿಮೇಟ್' ಎಂದು ಮೇಲೆ ಅಚ್ಚಾಗಿದ್ದ, ಅಂಗಡಿಯ ಹೆಸರೇ ಇಲ್ಲದ ಹಳದಿ ಚೀಟಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೂ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ಒಪ್ಪದಿರುವುದೂ ಅನುಚಿತ ವ್ಯಾಪಾರ ಪದ್ಧತಿಗಳೇ. ಆದರೆ ಆ 30 ದಿನಗಳನ್ನು ನಾನು ಬೆರಳು ಗಟ್ಟಿಯಾಗಲೆಂದು ಕಾಯುವುದರಲ್ಲಿ ಕಳೆದಿದ್ದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಕಾಶವಿದೆ, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ, ಮೊದಲ ಹೆಜ್ಜೆಯಾಗಿ 1915 ಎಂಬ ಸಹಾಯವಾಣಿಗೆ ಕರೆ ಮಾಡಬಹುದು. ನಾನು ಕರೆ ಮಾಡಿ ದೂರು ದಾಖಲಿಸಿದ್ದೇನೆ. ಹಳದಿ ಚೀಟಿಯ ಜೊತೆಗೆ ಆ ದಿನ ಮೊಬೈಲಿನಿಂದ ಹಣ ಪಾವತಿಸಿದ ದಾಖಲೆಯೊಂದು ನನ್ನಲ್ಲಿ ಉಳಿದಿದೆ. ಕಳೆದ ವಾರ ಬಸ್ಸಿನಿಂದಿಳಿದು ಆ ಅಂಗಡಿಯ ಮುಂದೆ ಹಾದುಹೋದಾಗ ಗಾಜಿನ ಹಿಂದೆ ಸೀಳುತಲೆಯ ಮೂರು ಗಿಟಾರುಗಳು ತೂಗುತ್ತಿದ್ದವು. ಒಂದರ ತೆಳು ತಂತಿಗಳು ಹೊರಗಿನಿಂದಲೇ ಹೊಳೆಯುತ್ತಿದ್ದವು.