ಮೊಣಕಾಲಿಗೆ ಸ್ಟೆಮ್ ಸೆಲ್: ಒಂದು ಸ್ಟಾರ್, ಅದೂ ಕಾಫಿಗೆ

ಅಮ್ಮನಿಗೆ ಎಂಟು ವರ್ಷದಿಂದ ಮೊಣಕಾಲು ಸವೆತ. ನನ್ನ ಪಿಎಚ್‌ಡಿ ಕೀಲಿನ ಮೃದ್ವಸ್ಥಿಯ ಕೋಶಗಳ ಮೇಲೆ. ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಮೂಲ ಕೋಶ, ಚುಚ್ಚಿ ಮೊಣಕಾಲು ಸರಿಮಾಡ್ತೀವಿ ಅನ್ನುವ ಬೆಂಗಳೂರಿನ ಈ ಕ್ಲಿನಿಕ್‌ನ ಜಾಹೀರಾತು ನೋಡಿ, "ನೀನು ಓದ್ತಿರೋದು ಇದನ್ನೇ ಅಲ್ವಾ, ಬಾ ಹೋಗೋಣ" ಅಂದರು ಅಮ್ಮ.

ಸೋಫಾ ಮೆತ್ತಗಿದೆ. ಫಿಲ್ಟರ್ ಕಾಫಿ ನಿಜಕ್ಕೂ ಚೆನ್ನಾಗಿತ್ತು. ಡಾಕ್ಟರ್‌ಗಿಂತ ಮೊದಲು ಸಿಕ್ಕಿದ್ದು ಕೌನ್ಸೆಲರ್. ಲ್ಯಾಮಿನೇಟ್ ಮಾಡಿದ ಹಾಳೆಯಲ್ಲಿ ಎರಡು ಎಕ್ಸ್‌ರೇ ತೋರಿಸಿದರು, ಚಿಕಿತ್ಸೆಗೆ ಮೊದಲು ಮತ್ತು ಆಮೇಲೆ. ಮೊಣಕಾಲ ಕೆಳಗೆ ಹೊರಬದಿಗಿರುವ ಸಣ್ಣ ಮೂಳೆ ಒಂದರಲ್ಲಿ ಎಡಗಡೆ, ಇನ್ನೊಂದರಲ್ಲಿ ಬಲಗಡೆ. ಅಂದರೆ ಬೇರೆ ಬೇರೆ ಕಾಲು!

ಒಂದು ಕಾಲಿಗೆ 1.8 ಲಕ್ಷ ಅಂತೆ. ಮೊಣಕಾಲು ಸವೆತಕ್ಕೆ ಔಷಧ ನಿಯಂತ್ರಕರು 2022ರಲ್ಲಿ ಒಪ್ಪಿಗೆ ಕೊಟ್ಟ ಸ್ಟೆಂಪ್ಯೂಸೆಲ್ ಅನ್ನುವ ಸ್ಟೆಮ್ ಸೆಲ್ ಔಷಧ ಇದೆ, ಬೆಂಗಳೂರಿನ ಕಂಪನಿಯದೇ. ಅದಾ ಅಂತ ಕೇಳಿದೆ. ಅಲ್ಲವಂತೆ. ಹೊಟ್ಟೆಯ ಕೊಬ್ಬು ತೆಗೆದು, ಅದರಿಂದ ಸ್ಟೆಮ್ ಸೆಲ್ ಅಲ್ಲೇ 45 ನಿಮಿಷದಲ್ಲಿ ರೆಡಿ ಮಾಡಿ ಚುಚ್ಚುತ್ತಾರಂತೆ. ನಮ್ಮ ಲ್ಯಾಬಿನಲ್ಲಿ ಕೋಶ ಬೆಳೆಸಿ, ಅದು ಬೇಕಾದ ಕೋಶವೇ ಹೌದಾ ಅಂತ ನೋಡೋಕೇ ಮೂರು ವಾರ ಹಿಡಿಯುತ್ತದೆ. ಅದೂ ಫಂಗಸ್ ಬರದಿದ್ದರೆ.

"ಸಿಟಿಆರ್‌ಐ ನೋಂದಣಿ ಸಂಖ್ಯೆ ಕೊಡಿ" ಅಂದೆ. ರೋಗಿಗಳ ಮೇಲಿನ ಪ್ರಯೋಗ, ಅಂದರೆ ಟ್ರಯಲ್‌ಗಳನ್ನು ದಾಖಲಿಸುವ ದೇಶದ ಪಟ್ಟಿ ಅದು. "ಮೇಡಂ, ಇದು ಟ್ರಯಲ್ ಅಲ್ಲ, ಟ್ರೀಟ್‌ಮೆಂಟ್" ಅಂದರು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಒಪ್ಪದೇ ಇರುವುದು ಇಂಥದ್ದನ್ನೇ. ಒಪ್ಪಿಗೆ ಇಲ್ಲದ ಸ್ಟೆಮ್ ಸೆಲ್ ಕೊಡಬೇಕಾದರೆ ಟ್ರಯಲ್‌ನಲ್ಲೇ ಕೊಡಬೇಕು. ರೋಗಿಯ ಹತ್ತಿರ ಅದಕ್ಕೆ ದುಡ್ಡು ಕೇಳುವ ಹಾಗಿಲ್ಲ.

ಕನ್ಸಲ್ಟೇಶನ್ ಅಂತ ಕಟ್ಟಿದ 1,500 ವಾಪಸ್ ಬರಲಿಲ್ಲ. ಅಮ್ಮ ಈಗ ಮನೆ ಹತ್ತಿರದ ಫಿಸಿಯೋ ಬಳಿ ತೊಡೆ ಗಟ್ಟಿಯಾಗುವ ವ್ಯಾಯಾಮ ಮಾಡುತ್ತಿದ್ದಾರೆ. ಅಲ್ಲಿ ಕಾಫಿ ಕೊಡಲ್ಲ ಅನ್ನುವುದೊಂದೇ ಅವರ ದೂರು.