ಶಾಂಘೈಯಿಂದ ಆರು ಜನರ ಪಯಣ: ಪ್ರವಾಸಿ ಬಸ್ಸು, ವೇಗದ ರೈಲು, ರಾತ್ರಿಯ ರೈಲು

ಶಾಂಘೈಯಲ್ಲಿ ಉದ್ಯೋಗದಲ್ಲಿರುವ ನಾವು ಆರು ಜನ, ಅಂದರೆ ನಾಲ್ವರು ಭಾರತೀಯರು ಮತ್ತು ಅದೇ ಕಚೇರಿಯ ಇಬ್ಬರು ಚೀನೀ ಗೆಳತಿಯರು, ಒಂದು ವರ್ಷದೊಳಗೆ ಮೂರು ರಜೆಗಳಲ್ಲಿ ಮೂರು ಬಗೆಯಾಗಿ ಪ್ರಯಾಣ ಮಾಡಿದೆವು. ಮೇ ದಿನದ ರಜೆಗೆ ಪ್ರವಾಸ ಸಂಸ್ಥೆಯೊಂದರ ಬಸ್ಸಿನಲ್ಲಿ ಹುವಾಂಗ್‌ಶಾನ್ ಪರ್ವತಕ್ಕೂ, ಅಕ್ಟೋಬರಿನ ರಾಷ್ಟ್ರೀಯ ದಿನದ ರಜೆಗೆ ವೇಗದ ರೈಲಿನಲ್ಲಿ ಬೀಜಿಂಗಿಗೂ, ಮರುವರ್ಷ ಏಪ್ರಿಲಿನ ಚಿಂಗ್‌ಮಿಂಗ್ ಹಬ್ಬಕ್ಕೆ ರಾತ್ರಿಯ ಸಾಧಾರಣ ರೈಲಿನಲ್ಲಿ ಶಿಆನ್ ನಗರಕ್ಕೂ ಹೋದೆವು. ಊರುಗಳು ಬೇರೆಬೇರೆಯಾದ್ದರಿಂದ ಈ ಹೋಲಿಕೆಯನ್ನು ತಕ್ಕಡಿಯಲ್ಲಿಟ್ಟು ತೂಗಿದಷ್ಟು ಕರಾರುವಾಕ್ಕೆಂದು ಹೇಳಲಾರೆ. ಆದರೆ ನಾನು ಅಳೆಯಲು ಹೊರಟಿರುವುದು ಊರನ್ನಲ್ಲ. ಜೊತೆಯಾಗಿ ಹೊರಟವರು ದಾರಿಯುದ್ದಕ್ಕೂ ಜೊತೆಯಾಗಿಯೇ ಇರಲು ಯಾವ ವಾಹನ ಅನುಕೂಲ ಮಾಡಿಕೊಡುತ್ತದೆ ಎಂಬುದಷ್ಟನ್ನೇ.

ಮೊದಲಿಗೆ ಅಲ್ಲಿನ ರಜೆಯ ಸ್ವರೂಪವನ್ನು ಹೇಳಬೇಕು. ನಮ್ಮಲ್ಲಿರುವಂತೆ ಒಬ್ಬೊಬ್ಬರಿಗೆ ಒಂದೊಂದು ಹಬ್ಬಕ್ಕೆ ರಜೆ ಎಂಬ ಪದ್ಧತಿ ಅಲ್ಲಿಲ್ಲ. ಇಡೀ ದೇಶಕ್ಕೆ ಒಮ್ಮೆಗೇ ರಜೆ. 1999ರಿಂದ ಅಕ್ಟೋಬರ್ 1ರ ಸುತ್ತ ಒಂದು ವಾರದ ದೀರ್ಘ ರಜೆ ರೂಢಿಗೆ ಬಂದಿದೆ. ಆ ಏಳು ದಿನಗಳನ್ನು ಕೂಡಿಸುವ ಸಲುವಾಗಿ ಅದರ ಹಿಂದಿನ ಅಥವಾ ಮುಂದಿನ ಶನಿವಾರ, ಭಾನುವಾರಗಳಲ್ಲಿ ಕಚೇರಿಗೆ ಬಂದು ಲೆಕ್ಕ ತೀರಿಸಬೇಕಾಗುತ್ತದೆ. ಇದಕ್ಕೆ ಥಿಯಾವ್‌ಶಿಯು ಎಂದು ಹೆಸರು, ಮತ್ತು ನಮ್ಮ ಗೆಳತಿಯರು ಈ ಪದವನ್ನು ಉಚ್ಚರಿಸುವಾಗ ಮುಖ ಸಿಂಡರಿಸದೆ ಇದ್ದುದನ್ನು ನಾನು ಕಂಡಿಲ್ಲ. ಹೀಗೆ ಎಲ್ಲರೂ ಏಕಕಾಲಕ್ಕೆ ಹೊರಡುವುದರಿಂದ ನಿಲ್ದಾಣಗಳಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ.

ಬಸ್ಸಿನ ವಿಷಯವನ್ನು ಬೇಗ ಮುಗಿಸಿಬಿಡುತ್ತೇನೆ, ಏಕೆಂದರೆ ಅದನ್ನು ನಾನು ಇನ್ನೊಮ್ಮೆ ಹತ್ತುವುದಿಲ್ಲ. ಟಿಕೆಟ್, ಹೋಟೆಲ್, ಊಟ, ಪ್ರವೇಶ ಶುಲ್ಕಗಳೆಲ್ಲ ಒಂದೇ ಮೊತ್ತದಲ್ಲಿ ಮುಗಿಯುತ್ತವೆ ಎಂಬ ಕಾರಣಕ್ಕೆ ಅದನ್ನು ಆರಿಸಿದ್ದೆವು. ವಿದೇಶಿಯರಿಗೆ ಕೋಣೆ ಕೊಡಲು ಹಿಂಜರಿಯುವ ಸಣ್ಣ ಹೋಟೆಲುಗಳ ರಗಳೆಯೂ ತಪ್ಪುತ್ತದೆ ಎಂಬ ಆಸೆಯಿತ್ತು. ಆದರೆ 2012ರಿಂದ ದೊಡ್ಡ ರಜೆಗಳಲ್ಲಿ ಏಳು ಆಸನಗಳವರೆಗಿನ ವಾಹನಗಳಿಗೆ ಹೆದ್ದಾರಿಯ ಟೋಲ್ ಮನ್ನಾ ಇರುವುದರಿಂದ ಕಾರು ಇರುವವರೆಲ್ಲ ರಸ್ತೆಗಿಳಿಯುತ್ತಾರೆ, ಮತ್ತು ನಮ್ಮ ದೊಡ್ಡ ಬಸ್ಸು ಆ ಕಾರುಗಳ ಸಾಲಿನ ನಡುವೆ ಸಿಕ್ಕಿಕೊಂಡು ಆರು ಗಂಟೆಯೊಳಗಿನ ದಾರಿಗೆ ಹತ್ತು ಗಂಟೆ ತೆಗೆದುಕೊಂಡಿತು. ಮಾರ್ಗದರ್ಶಿಯು ಮೈಕಿನಲ್ಲಿ ಮಾತನಾಡುತ್ತಲೇ ಇದ್ದುದರಿಂದ ನಾವು ಮಾತನಾಡಲು ಆಗಲಿಲ್ಲ. ಗ್ರಾಹಕರನ್ನು ಬಲವಂತವಾಗಿ ಅಂಗಡಿಗೆ ಕರೆದೊಯ್ಯುವುದನ್ನು ಚೀನಾದ ಪ್ರವಾಸೋದ್ಯಮ ಕಾನೂನು 2013ರಿಂದಲೇ ನಿಷೇಧಿಸಿದೆ. ಆದರೂ ಚಹಾದ ಅಂಗಡಿಯೊಂದರ ಎದುರು ಬಸ್ಸು ನಿಂತಿತು, ಚಾಲಕರಿಗೆ ವಿಶ್ರಾಂತಿ ಎಂಬ ನೆಪ ಕೇಳಿಬಂತು, ನಾವು ಇಳಿದ ಮೇಲೆ ಬಸ್ಸಿನ ಬಾಗಿಲು ಮುಕ್ಕಾಲು ಗಂಟೆ ತೆರೆಯಲಿಲ್ಲ. ಪರ್ವತ ಮಾತ್ರ ಎಲ್ಲ ಬೇಸರವನ್ನೂ ಮರೆಸುವಂಥದ್ದು. ಮೇಲಿನ ಹೋಟೆಲುಗಳಿಗೆ ಬೇಕಾದ ಅಕ್ಕಿ, ನೀರು, ಹಾಸಿಗೆಗಳನ್ನು ಬಿದಿರಿನ ಅಡ್ಡೆಯಲ್ಲಿ ಹೊತ್ತು ಕಲ್ಲಿನ ಮೆಟ್ಟಿಲುಗಳನ್ನು ಒಂದೇ ಲಯದಲ್ಲಿ ಏರುತ್ತಿದ್ದ ಹಮಾಲರನ್ನು ಕಂಡಾಗ, ರಸ್ತೆಯ ಬಗ್ಗೆ ಗೊಣಗುತ್ತಿದ್ದ ನಮಗೆ ನಾಚಿಕೆಯಾದದ್ದೂ ನಿಜ. ಆದರೆ ಬಾವುಟ ಹಿಡಿದವರ ಹಿಂದೆ ಓಡುವ ಗುಂಪಿನಲ್ಲಿ ನಮ್ಮ ಆರು ಜನರ ಗುಂಪು ಕರಗಿಹೋಗಿತ್ತು.

ಇನ್ನು ವೇಗದ ರೈಲು, ಅಲ್ಲಿನವರ ಬಾಯಲ್ಲಿ ಗಾವ್‌ಥಿಯೆ. ಶಾಂಘೈಗೂ ಬೀಜಿಂಗಿಗೂ ನಡುವಿನ 1,318 ಕಿಲೋಮೀಟರ್ ಮಾರ್ಗವು 2011ರಲ್ಲಿ ಆರಂಭವಾಯಿತು, ಮತ್ತು 2017ರಿಂದ ಅದರಲ್ಲಿ ಗಂಟೆಗೆ 350 ಕಿಲೋಮೀಟರ್ ವೇಗದ ಗಾಡಿಗಳು ಓಡುತ್ತಿವೆ. ನಾಲ್ಕೂವರೆ ಗಂಟೆಯೊಳಗೆ ತಲುಪುವುದೂ ಸಾಧ್ಯ. ಸಮಯಪಾಲನೆ, ಸ್ವಚ್ಛತೆ, ಸದ್ದಿಲ್ಲದ ಓಟ ಇವುಗಳಲ್ಲಿ ಇದಕ್ಕೆ ಸಾಟಿಯಾದದ್ದನ್ನು ನಾನು ಬೇರೆಲ್ಲೂ ಹತ್ತಿಲ್ಲ. ಎರಡನೆಯ ದರ್ಜೆಯಲ್ಲಿ ಒಂದು ಬದಿಗೆ ಮೂರು, ಇನ್ನೊಂದು ಬದಿಗೆ ಎರಡು ಆಸನಗಳಿದ್ದು, ಕೆಳಗಿನ ಪೆಡಲನ್ನು ಕಾಲಿನಿಂದ ಒತ್ತಿದರೆ ಮೂರರ ಸಾಲು ಪೂರ್ತಿಯಾಗಿ ಹಿಂದಕ್ಕೆ ತಿರುಗುತ್ತದೆ. ಹಿಂದುಮುಂದಿನ ಎರಡು ಸಾಲು ಸಿಕ್ಕಿದರೆ ಆರು ಜನ ಎದುರುಬದುರಾಗಿ ಕೂರಬಹುದು. ಈ ಉಪಾಯವನ್ನು ನಮ್ಮ ಗೆಳತಿಯೊಬ್ಬಳು ಹೊರಡುವ ವಾರ ಮೊದಲೇ ಹೇಳಿ ನಮ್ಮಲ್ಲಿ ಆಸೆ ಹುಟ್ಟಿಸಿದ್ದಳು.

ಆದರೆ ಟಿಕೆಟ್ ಮಾರಾಟವು ಪ್ರಯಾಣಕ್ಕೆ 15 ದಿನ ಮೊದಲು ಆರಂಭವಾದ ಗಳಿಗೆಯಲ್ಲೇ ಆರು ಜನ ಆರು ಮೊಬೈಲುಗಳಲ್ಲಿ ಕಣ್ಣಿಟ್ಟು ಕುಳಿತರೂ ನಮಗೆ ದಕ್ಕಿದ್ದು ಮೂರು ಬೋಗಿಗಳಲ್ಲಿ ಹರಿದುಹಂಚಿದ ನಾಲ್ಕು ಆಸನಗಳು ಮತ್ತು ಎರಡು ಆಸನರಹಿತ ಟಿಕೆಟುಗಳು ಮಾತ್ರ. ಆಸನವಿಲ್ಲದಿದ್ದರೂ ಎರಡನೆಯ ದರ್ಜೆಯ ಪೂರ್ತಿ ದರವನ್ನೇ ಕೊಡಬೇಕು. ಬಾಗಲಕೋಟೆಯ ಗೆಳೆಯ ಮತ್ತು ನಾನು ಎರಡು ಬೋಗಿಗಳ ನಡುವಿನ ಬಾಗಿಲ ಬಳಿ ಸೂಟ್‌ಕೇಸಿನ ಮೇಲೆ ಕುಳಿತು ಹೋದೆವು. ಉಳಿದ ನಾಲ್ವರು ಎಲ್ಲಿದ್ದಾರೆಂಬುದು ವೀಚಾಟ್ ಗುಂಪಿನಲ್ಲಿ ಬರುತ್ತಿದ್ದ ಚಿತ್ರಗಳಿಂದಲೇ ತಿಳಿಯುತ್ತಿತ್ತು. ನಿಲ್ದಾಣದಲ್ಲೂ ಹಾಗೆಯೇ, ಗೆಳತಿಯರು ಗುರುತಿನ ಚೀಟಿಯನ್ನು ಯಂತ್ರಕ್ಕೆ ತೋರಿಸಿ ಕ್ಷಣದಲ್ಲಿ ಆಚೆ ದಾಟಿದರೆ, ಪಾಸ್‌ಪೋರ್ಟ್ ಹಿಡಿದ ನಾವು ಸಿಬ್ಬಂದಿ ನಿಂತಿದ್ದ ಬದಿಯ ಸಾಲಿನಲ್ಲಿ ಕಾಯಬೇಕಾಯಿತು, ಮತ್ತು ಗಾಡಿ ಹೊರಡುವ ಕೆಲವು ನಿಮಿಷ ಮೊದಲೇ ಗೇಟು ಮುಚ್ಚುತ್ತದೆ.

ಶಿಆನ್‌ಗೆ ರಾತ್ರಿಯ ರೈಲಿನಲ್ಲಿ ಹೋಗೋಣವೆಂದು ಹೇಳಿದವನು ಆ ಬಾಗಲಕೋಟೆಯ ಗೆಳೆಯನೇ. ಬಹುಶಃ ಸೂಟ್‌ಕೇಸಿನ ಮೇಲೆ ಕುಳಿತ ನೆನಪು ಅವನ ಸೊಂಟದಲ್ಲಿ ಇನ್ನೂ ಇದ್ದಿರಬೇಕು. ಅಲ್ಲಿನ ಯಿಂಗ್‌ವೋ, ಅಂದರೆ ಕಡಿಮೆ ದರದ ಸ್ಲೀಪರ್ ಬೋಗಿ, ನಮ್ಮ ಸ್ಲೀಪರಿನಂತೆ ಕಂಡರೂ ಎರಡು ವ್ಯತ್ಯಾಸಗಳಿವೆ. ಮೊದಲನೆಯದಾಗಿ, ಪಕ್ಕದ ಬರ್ತುಗಳಿಲ್ಲ. ಅವುಗಳ ಜಾಗದಲ್ಲಿ ಕಿಟಕಿಗೆ ಅಂಟಿಕೊಂಡ ಪುಟ್ಟ ಮೇಜು ಮತ್ತು ಮಡಚುವ ಆಸನಗಳಿವೆ. ಎರಡನೆಯದಾಗಿ, ನಡುವಿನ ಬರ್ತನ್ನು ಹಗಲಿನಲ್ಲಿ ಇಳಿಸುವ ವ್ಯವಸ್ಥೆಯಿಲ್ಲ. ಆದ್ದರಿಂದ ನಡುವಿನ ಮತ್ತು ಮೇಲಿನ ಬರ್ತಿನವರು ಮಲಗಬಹುದೇ ಹೊರತು ನೆಟ್ಟಗೆ ಕೂರಲಾಗದು, ಮಾತಿಗಾಗಿ ಕೆಳಗಿಳಿದೇ ಬರಬೇಕು. ಬಾಗಿಲಿಲ್ಲದ ಒಂದು ಅಂಕಣಕ್ಕೆ ಸರಿಯಾಗಿ ಆರು ಬರ್ತುಗಳು, ನಾವೂ ಆರು ಜನ. ಕೆಳಗಿನ ಎರಡು ಬರ್ತುಗಳು ರಾತ್ರಿ 10ರ ಸುಮಾರಿಗೆ ದೀಪ ಆರುವ ತನಕ ನಮ್ಮ ಜಗಲಿಕಟ್ಟೆಯಾದವು.

ಪ್ರತಿ ಬೋಗಿಯ ತುದಿಯಲ್ಲೂ ಕುದಿನೀರಿನ ಉಕ್ಕಿನ ಪೆಟ್ಟಿಗೆಯೊಂದಿರುತ್ತದೆ. ಅಕ್ಕಪಕ್ಕದವರೆಲ್ಲ ಅದರ ನಲ್ಲಿಯ ಕೆಳಗೆ ನೂಡಲ್ಸಿನ ಕಾಗದದ ಬಟ್ಟಲು ಹಿಡಿಯುತ್ತಿದ್ದಾಗ, ಮಾಂಸದ ರಸವಿಲ್ಲದ ಬಟ್ಟಲು ಸಿಗದ ನಾನು ಗಟ್ಟಿ ಅವಲಕ್ಕಿಗೆ ಆ ನೀರನ್ನು ಹೊಯ್ದು, ಎರಡು ನಿಮಿಷದಲ್ಲಿ ಬಸಿದು, ಮೇಲೆ ಊರಿನ ಚಟ್ನಿಪುಡಿ ಉದುರಿಸಿದೆ. ಮೊದಲ ಬಾರಿ ಐದು ನಿಮಿಷ ಬಿಟ್ಟು ಅದು ಗಂಜಿಯಾಗಿದ್ದುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ಗೆಳತಿಯರು ಚಟ್ನಿಪುಡಿಯನ್ನು ಬೆರಳಿನಿಂದಲೇ ಮುಗಿಸಿದರು.

ಅಂದು ಮಾತು ಶಿಆನ್‌ನ ದೊಡ್ಡ ಕಾಡುಹೆಬ್ಬಾತಿನ ಗೋಪುರದ ಕಡೆಗೆ ಹೊರಳಿತು. ಭಾರತದಿಂದ ತಂದ ಗ್ರಂಥಗಳನ್ನು ಇರಿಸಲೆಂದು 652ರಲ್ಲಿ ಅದನ್ನು ಕಟ್ಟಿಸಿದ ಭಿಕ್ಷುವಿನ ಹೆಸರನ್ನು ನಾವು ಶಾಲೆಯಲ್ಲಿ ಕಲಿತಂತೆ ಹ್ಯೂಯೆನ್‌ತ್ಸಾಂಗ್ ಎಂದರೆ ಅವರಿಬ್ಬರಿಗೂ ತಿಳಿಯಲೇ ಇಲ್ಲ, ಮೊಬೈಲಿನಲ್ಲಿ ಗೋಪುರದ ಚಿತ್ರ ತೋರಿಸಿದ ಮೇಲೆ "ಓ, ಶ್ವೆನ್‌ಜಾಂಗ್!" ಎಂದು ನಕ್ಕರು. ಆತ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿದ್ದಾನೆಂದೂ, ಹರ್ಷನಂಥವನಿಗೂ ಆ ಅರಸನನ್ನು ಮಣಿಸಲಾಗಲಿಲ್ಲವೆಂದು ದಾಖಲಿಸಿದ್ದಾನೆಂದೂ, ಆ ಪುಲಕೇಶಿಯ ಬಾದಾಮಿ ತಮ್ಮ ಜಿಲ್ಲೆಯದೇ ಎಂದೂ ಬಾಗಲಕೋಟೆಯವನು ವಿವರಿಸಿದ ಠೀವಿಯನ್ನು ನೋಡಬೇಕಿತ್ತು. ಮೇಲಿನ ಬರ್ತಿನಿಂದ ತಲೆ ಚಾಚಿದ ಪಕ್ಕದ ಅಂಕಣದ ಅಜ್ಜನೊಬ್ಬರೂ ಪ್ರಶ್ನೆ ಕೇಳತೊಡಗಿದರು, ಗೆಳತಿ ಎರಡೂ ಕಡೆಗೆ ಅನುವಾದಿಸತೊಡಗಿದಳು. ವೇಗದ ರೈಲಿನ ನಿಶ್ಶಬ್ದದಲ್ಲಿ ಇಂಥ ಮಾತು ಹುಟ್ಟುವುದೇ ಇಲ್ಲ.

ಇದರ ಕುಂದುಗಳು ಸಣ್ಣವಲ್ಲ. ವೇಗದ ರೈಲಿನಲ್ಲಿ ಸಿಗರೇಟಿಗೆ ಸಂಪೂರ್ಣ ನಿಷೇಧವಿದ್ದರೆ, ಈ ಗಾಡಿಯಲ್ಲಿ ಬೋಗಿಗಳ ನಡುವಿನ ಜಾಗದಲ್ಲಿ ಸೇದುವವರಿದ್ದು, ಬಾಗಿಲು ತೆರೆದಾಗಲೆಲ್ಲ ಹೊಗೆಯ ವಾಸನೆ ಒಳಬರುತ್ತಿತ್ತು. ಮೇಲಿನ ಬರ್ತಿನಲ್ಲಿ ಮಗ್ಗುಲು ಬದಲಿಸುವುದೇ ಒಂದು ವ್ಯಾಯಾಮ. ಸುಮಾರು 1,500 ಕಿಲೋಮೀಟರ್ ದಾರಿಗೆ ವೇಗದ ರೈಲು ಆರೇಳು ಗಂಟೆ ತೆಗೆದುಕೊಂಡರೆ ಇದಕ್ಕೆ ಅದರ ಎರಡು ಪಟ್ಟಿಗಿಂತ ಹೆಚ್ಚು ಬೇಕು. ಆದರೆ ಆ ಗಂಟೆಗಳು ನಿದ್ದೆಯಲ್ಲಿ ಕಳೆಯುತ್ತವೆ, ದರ ಹೆಚ್ಚುಕಡಿಮೆ ಅರ್ಧ, ಒಂದು ರಾತ್ರಿಯ ಹೋಟೆಲ್ ಬಾಡಿಗೆಯೂ ಉಳಿಯುತ್ತದೆ. ಮೂರೇ ದಿನದ ಚಿಂಗ್‌ಮಿಂಗ್ ರಜೆಗೆ ಹಿಂದಿನ ಸಂಜೆ ಹೊರಟಿದ್ದರಿಂದ ಮೊದಲನೆಯ ದಿನವೇ ಬಹುಪಾಲು ಪೂರ್ತಿಯಾಗಿ ಕೈಗೆ ಸಿಕ್ಕಿತು. ಅಂದೇ ನಾವು ಕೋಟೆಯ ಗೋಡೆಯ ಮೇಲೆ ಬಾಡಿಗೆಯ ಸೈಕಲ್ ಹತ್ತಿ, 13.7 ಕಿಲೋಮೀಟರ್ ಸುತ್ತನ್ನು ಇಟ್ಟಿಗೆಗಳ ಕುಲುಕಾಟದಲ್ಲಿ ಮುಗಿಸಿದೆವು.

ಮರಳುವಾಗ ವೇಗದ ರೈಲಿನಲ್ಲೇ ಬಂದೆವು. ಈ ಬಾರಿ ಹಿಂದುಮುಂದಿನ ಎರಡು ಸಾಲುಗಳು ಸಿಕ್ಕಿದ್ದವು, ಗೆಳತಿ ಉತ್ಸಾಹದಿಂದ ಪೆಡಲ್ ಒತ್ತಿ ಸಾಲನ್ನೂ ತಿರುಗಿಸಿದಳು. ಆದರೆ ಮೂರು ದಿನದ ಅಲೆದಾಟದ ಮೇಲೆ ಮಾತು ಯಾರಿಗೂ ಬೇಕಿರಲಿಲ್ಲ. ಎದುರುಬದುರಾಗಿ ಕುಳಿತ ಆರೂ ಜನ ಅರ್ಧ ಗಂಟೆಯೊಳಗೆ ನಿದ್ದೆಹೋದೆವು. ಆದ್ದರಿಂದ ಈಗ ನಮ್ಮ ಕ್ರಮ ಹೀಗೆ ನಿಂತಿದೆ: ಹೋಗುವಾಗ ರಾತ್ರಿಯ ರೈಲು, ಬರುವಾಗ ವೇಗದ ರೈಲು, ಮತ್ತು ಅಕ್ಟೋಬರಿನ ವಾರದಲ್ಲಿ ಎಲ್ಲಿಗೂ ಹೊರಡದೆ ಶಾಂಘೈಯಲ್ಲೇ ಒಬ್ಬರ ಮನೆಯಲ್ಲಿ ಬಿಸಿಬೇಳೆಬಾತ್. ಮೇಲಿನ ಎರಡು ಬರ್ತುಗಳು ಯಾರ ಪಾಲಿಗೆಂಬುದನ್ನು ಮಾತ್ರ ಪ್ರತಿಸಲವೂ ಚೀಟಿ ಎತ್ತಿ ತೀರ್ಮಾನಿಸುತ್ತೇವೆ.